ಹಾಯಿದೋಣಿಗೆ ಹೋಗಿಬಂದ ರೈಟರ್ ಧರ್ಮ

ಬೆಳಿಗ್ಗೆ ಏಳೂವರೆಗೆ, ಮರಕ್ಕೆ ನೇತುಹಾಕಿದ ಕಂಬಿಯ ತುಂಡಿಗೆ ಸುತ್ತಿಗೆ ಬೀಳುತ್ತದೆ. ಹೊಂಗಡಹಳ್ಳದ ದಾರಿಯ ಆ ಎಸ್ಟೇಟಿನಲ್ಲಿ ಕೆಲಸದ ಗಂಟೆಯೆಂದರೆ ಅದೇ. ಸದ್ದು ಗುಡ್ಡಕ್ಕೆ ತಾಗಿ ಮರಳುವ ಹೊತ್ತಿಗೆ ಹಾಜರಿ ಬರೆಯುವ ರೈಟರ್ ಧರ್ಮ ಸ್ಟೋರಿನ ಜಗುಲಿಯಲ್ಲಿ ನಿಂತು ಆಳುಗಳ ತಲೆ ಎಣಿಸತೊಡಗಿರುತ್ತಾನೆ. ಅವನು ಆಲೂರಿನಿಂದ ಬಂದು ಹತ್ತೊಂಬತ್ತು ವರ್ಷವಾಯಿತು. ಬಂಗಲೆಯ ಅಡುಗೆಯವರು ಮಾತ್ರ ಅವನ ಹಾಜರಿಗೆ ಸೇರುವುದಿಲ್ಲ. ಅವರು ಮನೆಯವರ ಲೆಕ್ಕವೆಂದು ರೈಟರ್ ಬಿಡುತ್ತಾನೆ. ಆಳುಗಳ ಲೆಕ್ಕವೆಂದು ಮನೆಯವರು ಬಿಡುತ್ತಾರೆ.

ಹೋದ ವರ್ಷ ಕಾಫಿ ಕುಯ್ಲು ಮುಗಿದ ಮೇಲೆ ಯಜಮಾನ ಸುಬ್ಬಯ್ಯನವರ ಮನೆಯವರೂ ನೆಂಟರೂ ಸೇರಿ ಹತ್ತು ಜನ ಅಂಡಮಾನಿಗೆ ಹೊರಟರು. ಒಂದು ಹಾಯಿದೋಣಿಯನ್ನು ಐದು ದಿನಕ್ಕೆ ಬಾಡಿಗೆಗೆ ಹಿಡಿದು ದ್ವೀಪದಿಂದ ದ್ವೀಪಕ್ಕೆ ಸುತ್ತುವ ಪ್ರವಾಸ. ದೋಣಿ ನಡೆಸುವವರು ಅಲ್ಲಿಯವರೇ ಇಬ್ಬರು. ಆದರೆ ಅಲ್ಲಿಯ ಊಟ ಒಗ್ಗದೆಂದು ಬಂಗಲೆಯ ಅಡುಗೆಯ ಬಾಲುವನ್ನೂ, ಸಾಮಾನು ನೋಡಿಕೊಳ್ಳಲು ಧರ್ಮನನ್ನೂ ಕರೆದೊಯ್ದರು. ಇಬ್ಬರಿಗೂ ಈಜು ಬಾರದು.

"ಒಲೆ ಈ ಕಡೆ ವಾಲಿದ್ರೆ ಸಾರು ಆ ಕಡೆ ಹೋಯ್ತದೆ. ಇದ್ಯಾವ ಸೀಮೆ ಅಡುಗೆಮನೆ ಮಾರಾಯ!" ಎಂದು ಬಾಲು ನಗುತ್ತಿದ್ದ.

"ಮಾತು ಕಮ್ಮಿ ಮಾಡಿ ರೊಟ್ಟಿ ತಟ್ಟೋ."

"ಮಾತಾಡ್ದಿದ್ರೆ ವಾಂತಿ ಬರ್ತೈತೆ ರೈಟ್ರೇ."

ಮೂರನೆಯ ದಿನ ಮಧ್ಯಾಹ್ನ ಎಲ್ಲರೂ ಒಂದು ಮರಳ ದಿಬ್ಬದ ಮೇಲೆ ಊಟಕ್ಕಿಳಿದರು. ನೀರು ಇಳಿದಾಗಷ್ಟೇ ಕಾಣುವ ದಿಬ್ಬ ಅದು, ಸಂಜೆಯೊಳಗೆ ಮುಳುಗುತ್ತದೆ. ಊಟವಾದ ಮೇಲೆ ಬಾಲು ತುದಿಯ ಬಂಡೆಯಾಚೆ ಪಾತ್ರೆ ತೊಳೆಯಲು ಕುಳಿತ. ನೀರು ಏರತೊಡಗಿದಾಗ ದೋಣಿಯವನು ಅವಸರಪಡಿಸಿದ. ಚಿಕ್ಕ ದೋಣಿಯೊಂದರಲ್ಲಿ ಎರಡು ಸಲಕ್ಕೆ ಜನರನ್ನು ಹಾಯಿದೋಣಿಗೆ ಸಾಗಿಸಿದರು.

"ಎಲ್ಲ ಬಂದ್ರೇನೋ ಧರ್ಮ?" ಎಂದರು ಸುಬ್ಬಯ್ಯ.

ಧರ್ಮ ಬೆರಳು ನೀಡಿ ತಲೆ ಎಣಿಸಿದ. "ಹತ್ತು. ಸರಿ ಐತೆ ಸಾರ್."

ಹಾಯಿ ಏರಿತು. ಒಂದು ಗಂಟೆಯಾದ ಮೇಲೆ ಸುಬ್ಬಯ್ಯನವರ ಹೆಂಡತಿ ಸರೋಜಮ್ಮ ಕೂಗಿದರು: "ಬಾಲೂ, ಕಾಫಿ ಎಲ್ಲೋ?"

ತಿರುಗಿ ಹೋದಾಗ ದಿಬ್ಬವಿರಲಿಲ್ಲ. ಅಲ್ಯೂಮಿನಿಯಂ ಪಾತ್ರೆಯೊಂದು ತೇಲುತ್ತಿತ್ತು. ಬಾಲುವಿನ ಹೆಣ ಸಿಕ್ಕಿದ್ದು ಎರಡು ದಿನದ ಮೇಲೆ.

ಊರಿಗೆ ಬಂದ ಸುದ್ದಿ ಬೇರೆ. ಕುಡಿದು ನೀರಿಗಿಳಿದ, ಹೇಳಿದರೂ ಕೇಳಲಿಲ್ಲ ಎಂದರು ಸುಬ್ಬಯ್ಯ. ಪಕ್ಕದಲ್ಲೇ ನಿಂತಿದ್ದ ಧರ್ಮ ಇಲ್ಲವೆನ್ನಲಿಲ್ಲ. ಎಸ್ಟೇಟಿನ ಲೈನಿನ ಸಾಲುಮನೆಯಲ್ಲಿರುವ ಬಾಲುವಿನ ತಾಯಿ ಮುನಿಯಮ್ಮನ ಗಂಡ ಕುಡಿದೇ ಸತ್ತವನು. ಮಗನೂ ಹಾಗೆಯೇ ಎಂದು ಕೇಳಿದ ಮೇಲೆ ಆಕೆ ಅಳು ನಿಲ್ಲಿಸಿದಳು. ಅವನ ಫೋಟೋವನ್ನು ಗೋಡೆಯಿಂದ ಇಳಿಸಿ ಟ್ರಂಕಿಗೆ ಹಾಕಿದಳು.

ಈ ವರ್ಷವೂ ದೋಣಿ ಗೊತ್ತುಮಾಡಿದ್ದಾರೆ. "ಈ ಸಲ ಈಜು ಬರೋ ಅಡುಗೆಯೋನ್ನ ನೋಡೋ" ಎಂದು ಸುಬ್ಬಯ್ಯ ಮೊನ್ನೆ ಬೆಳಿಗ್ಗೆ ಹೇಳಿದರು. ಧರ್ಮ ತಲೆಯಾಡಿಸಿದ. ಆಮೇಲೆ ಸ್ಟೋರಿಗೆ ಹೋಗದೆ ಲೈನಿನ ಕಡೆ ನಡೆದ. ಮುನಿಯಮ್ಮ ಬಾಗಿಲಲ್ಲಿ ಕುಳಿತು ಸೊಪ್ಪು ಸೋಸುತ್ತಿದ್ದಳು.

"ನಾಳೆಗೆ ವರ್ಷ ಆಯ್ತಲ್ಲವ್ವ. ಬಾಲುಗೆ ಎಡೆ ಇಡಲ್ವಾ?"

"ಕುಡುಕನಿಗೆ ಎಂಥ ಎಡೆ ರೈಟ್ರೇ? ಅವರಪ್ಪನಿಗೇ ಇಟ್ಟಿಲ್ಲ. ನಿಮ್ಗೇನು ಇವತ್ತು ಕರುಣೆ ಉಕ್ಕಿ ಬಂತು?"

ಧರ್ಮ ಹೊಸಿಲ ಹೊರಗೇ ನಿಂತ.

"ಅವ್ನು ಕುಡ್ದಿರ್ಲಿಲ್ಲ ಕಣವ್ವ. ಬಂಡೆ ಹಿಂದೆ ಪಾತ್ರೆ ತೊಳೀತಿದ್ದ. ನಾವೇ ಬಿಟ್ಬುಟ್ಟು ಬಂದ್ವಿ."

ಸೊಪ್ಪಿನ ಮೇಲಿನ ಕೈ ನಿಂತಿತು. "ಎಲ್ರೂ ಬಂದ್ರಾ ಅಂತ ಯಾರೂ ನೋಡ್ಲಿಲ್ವಾ?"

"ನಾನೇ ನೋಡಿದ್ದು. ಯಜಮಾನ್ರ ಕಡೆಯೋರು ಹತ್ತು ಅಂತ ನಾನೇ ಎಣಿಸ್ದೆ. ಎರಡು ರಾತ್ರಿ ಪಕ್ಕದಲ್ಲೇ ಮಲಗಿದ್ದ ಅವ್ವ, ಆದ್ರೂ ನಾನು ಅವನ್ನ ಲೆಕ್ಕಕ್ಕೇ ಹಿಡೀಲಿಲ್ಲ..." ಎನ್ನುತ್ತಲೇ ಧರ್ಮ ತಿರುಗಿ, ಹಿಂದಿನಿಂದ ಮುನಿಯಮ್ಮ ಕೂಗುತ್ತಿದ್ದರೂ ನಿಲ್ಲದೆ, ಕಾಫಿ ಕಣದ ದಾರಿ ಹಿಡಿದು ನಡೆದುಬಿಟ್ಟ.