ಅಡಿವೆವ್ವ ಹಾಕಿದ ಒಗ್ಗರಣೆ

ಏ ಓಣಿಯವರ, ಬಾಗಲಾ ತಗೀರಿ! ಅಕ್ಕಾರ, ಅಣ್ಣಾರ, ಕೈಯಾಗಿನ ಕೆಲಸ ಬಿಟ್ಟು ಇತ್ತಾಗ ಕಿವಿ ಕೊಡ್ರಿ! ಹತ್ತಿಮತ್ತೂರಿನ ಅಡಿವೆವ್ವನ ಕತಿ ಐತಿ!

ಅಡಿವೆವ್ವನ ಮುಖದ ತುಂಬ ಸಿಡುಬಿನ ಕುಳಿಗಳು. ಎಳೆಯವಳಿದ್ದಾಗ ಮೈಮೇಲೆ ದೇವಿ ಎದ್ದು, ಬದುಕಿ ಉಳಿದವಳು. ಒಮ್ಮೆ ಬಂದವರಿಗೆ ದೇವಿ ಮತ್ತೆ ಬರುವುದಿಲ್ಲವೆಂದು, ಯಾರ ಮನೆಯಲ್ಲಿ ಗುಳ್ಳೆ ಎದ್ದರೂ ಊರಿನವರು ಆಕೆಯನ್ನೇ ಕರೆಯುತ್ತಿದ್ದರು. ಆಕೆಯೂ ನಗುತ್ತಲೇ ಹೋಗುವವಳು. "ನನ್ನ ಮಾರಿ ಮ್ಯಾಲ ಇನ್ನ ಜಾಗಾನ ಉಳಿದಿಲ್ಲ. ಆ ತಾಯಿ ಬಂದರ ಎಲ್ಲಿ ಕುಂದರ್ತಾಳ?" ಎನ್ನುವಳು.

ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆ. ಒಂದು ಮುಂಜಾನೆ ಮಹಾದೇವಕ್ಕನ ಮನೆಯಿಂದ ಕರೆ ಬಂತು. ಮರುದಿನ ಆಕೆಯ ಮಗಳು ಸರೋಜವ್ವನ ಮದುವೆ. ಯಲವಿಗಿಯಿಂದ ಬೀಗರ ಬಂಡಿಗಳು ಅಂದೇ ಸಂಜೆಗೆ ಬರಬೇಕು. ಆದರೆ ಬಾಗಿಲಲ್ಲಿ ಮಾವಿನ ತೋರಣದ ಬದಲು ಬೇವಿನ ತಪ್ಪಲು ತೂಗುತ್ತಿತ್ತು. ದೇವಿ ಬಂದ ಮನೆಯಲ್ಲಿ ಎಣ್ಣೆ ಕಾಯಿಸುವಂತಿಲ್ಲ, ಒಗ್ಗರಣೆ ಸಿಡಿಸುವಂತಿಲ್ಲ, ಇನ್ನು ಮದುವೆ ಎಲ್ಲಿಯದು? ಕರಿಗಡಬು ಲಟ್ಟಿಸಲು ಬಂದಿದ್ದ ಓಣಿಯ ಹೆಂಗಸರು ಲಟ್ಟಣಿಗೆ ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಹೋಗಿದ್ದರು. ಸುದ್ದಿ ಯಲವಿಗಿಗೆ ಮುಟ್ಟಿದರೆ ಬಂಡಿ ಹೊರಡುವುದೇ ಇಲ್ಲ. ಸರೋಜವ್ವ ಅರಿಸಿನದ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಳು.

ದೇವಿ ಬಂದದ್ದು ಅವಳ ಅಣ್ಣ ಕರಬಸಪ್ಪನ ಮೈಮೇಲೆ. ಅವನು ಒಳಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ. ಮಹಾದೇವಕ್ಕ ಮಗನ ಕಾಲಿಗೆ ಬಿದ್ದು ಬೇಡಿಕೊಳ್ಳುತ್ತಿದ್ದಳು. "ತಾಯೀ, ಲಗ್ನಾ ಮುಗಿಸಿಕೊಂಡರ ಬರಬಾರದಾಗಿತ್ತ?"

ಅಡಿವೆವ್ವ ಪಕ್ಕದಲ್ಲಿ ಕುಳಿತಳು. "ಜ್ವರ ಬಂದಿತ್ತೇನಪಾ?"

"ಇಲ್ಲಬೇ."

"ನಡಾ ಮುರದಂಗ ಆಗಿತ್ತ?"

"ಇಲ್ಲ."

"ಮತ್ತ್ಯಾಕ ನರಳಾಕತ್ತಿ?"

"ಹಸಿವಿ ಆಗೇತಿ. ಮುಂಜಾನಿಂದ ಬರೇ ಸಪ್ಪನ ಗಂಜಿ ಕೊಡಾಕತ್ತಾರ."

ಅಡಿವೆವ್ವ ಕಂಬಳಿ ಎಳೆದಳು. ಎದೆ, ತೊಡೆಗಳ ಮೇಲೆ ಕೀವು ತುಂಬಿದ ಗುಳ್ಳೆಗಳು, ಸುತ್ತಲೂ ಕೆಂಪು. ಮುಖ ಮಾತ್ರ ಹಸನಾಗಿತ್ತು. ಅಂಗೈ, ಅಂಗಾಲು ತಿರುವಿ ನೋಡಿದಳು. ಅಲ್ಲೂ ಇಲ್ಲ. ಆಕೆ ಕಂಡ ದೇವಿ ಮೊದಲು ಜ್ವರ ತರುತ್ತಿದ್ದಳು, ಮುಖವನ್ನಂತೂ ಬಿಡುತ್ತಿರಲಿಲ್ಲ. ಅವನನ್ನು ಬೆಳಕಿಂಡಿಯ ಕೆಳಗೆ ನಿಲ್ಲಿಸಿ ಬಗ್ಗಿ ನೋಡಿದರೆ, ಒಂದೊಂದು ಗುಳ್ಳೆಯ ನಡುವೆಯೂ ಒಂದೊಂದು ಕೂದಲಿನ ಮೊಳಕೆ! ಮೂಗಿಗೆ ಗರಡಿಮನೆಯ ಕೆಮ್ಮಣ್ಣಿನ ವಾಸನೆ ಬಡಿಯಿತು.

ಆಕೆಗೆ ತಿಳಿದುಹೋಯಿತು. ಕುಸ್ತಿ ಆಡಿ ಕೈಕಾಲು ಮುರಿದುಕೊಂಡರೆ ಮದುವೆಯ ಓಡಾಟ ಯಾರು ಮಾಡಬೇಕೆಂದು, ಮದುವೆ ಮುಗಿಯುವ ತನಕ ಗರಡಿಗೆ ಕಾಲಿಡುವುದಿಲ್ಲವೆಂದು ತಾಯಿ ಮಗನಿಂದ ಆಣೆ ಮಾಡಿಸಿದ್ದು ಓಣಿಗೆಲ್ಲ ಗೊತ್ತಿತ್ತು.

"ಈ ದೇವಿ ಕೈಯಾಗ ಕ್ಷೌರದ ಕತ್ತಿ ಹಿಡಕೊಂಡ ಬಂದಾಳಲ್ಲೋ ಕರಬಸ್ಯಾ! ನೀನ ಹೇಳ್ತೀಯೋ, ನಾ ಹೇಳ್ಲ್ಯೋ?"

ಕರಬಸಪ್ಪ ಬಾಗಿಲಲ್ಲಿ ನಿಂತ ತಂಗಿಯ ಕಣ್ಣು ನೋಡಿದ, ಮೂಲೆಯಲ್ಲಿದ್ದ ಕಸಬರಿಗೆಯನ್ನೂ ನೋಡಿದ.

"ಯವ್ವಾ, ಆಣಿ ಮುರದೆ. ಗರಡಿಗೆ ಹೋಗಿದ್ದೆ. ಎಲ್ಲಾರೂ ಒಂದ ಕತ್ತೀಲೆ ಮೈ ಬೋಳಿಸಿಕೊಂಡು, ಎಣ್ಣಿ ತಿಕ್ಕಿ, ಮಣ್ಣಾಗ ಹೊರಳಾಡಿದ್ವಿ."

ಮಹಾದೇವಕ್ಕ ಮುಗಿದ ಕೈ ಬಿಡಿಸಿ ಅದೇ ಕೈಯಿಂದ ಅವನ ಬೆನ್ನಿಗೊಂದು ಗುದ್ದಿದಳು. "ನಾ ನಿನ್ನ ಕಾಲಿಗೆ ಬಿದ್ದೆನಲ್ಲೋ ಭಾಡ್ಯಾ!"

ಸರೋಜವ್ವ ಕಿಸಕ್ಕೆಂದು ನಕ್ಕಳು.

"ಮೈ ಹಸನಾದ ಮ್ಯಾಲ ಹೊಡಿಯಂತಿ, ಈಗ ಬಿಡ," ಎಂದು ಅಡಿವೆವ್ವ ಬಿಡಿಸಿದಳು. "ಕೂದಲಾ ಹುಟ್ಟೂ ಜಾಗಾ ಕೆತ್ತಿ ಕೀವಾಗೇತಿ, ಅಷ್ಟ. ಹಿಚುಕಬ್ಯಾಡೋ. ಎಣ್ಣಿ ಮುಟ್ಟಬ್ಯಾಡ. ನಿನ್ನ ಟವಲ್ಲಾ ಯಾರಿಗೂ ಕೊಡಬ್ಯಾಡ."

ಬಾಗಿಲ ಬೇವನ್ನು ಇಳಿಸಿ, ಅದನ್ನೇ ಕುದಿಸಿ, ಆರಿದ ನೀರಿನಿಂದ ಅವನ ಮೈ ತೊಳೆಸಿದಳು.

ಆದರೆ ಓಣಿಯವರು ನಂಬಬೇಕಲ್ಲ? ಅಡಿವೆವ್ವ ಅಂಗಳದಲ್ಲೇ ಒಲೆ ಹೂಡಿ, ಬೋಗುಣಿ ತುಂಬ ಎಣ್ಣೆ ಕಾಯಿಸಿ, ಸಾಸಿವೆ, ಬೆಳ್ಳುಳ್ಳಿ, ಹಿಡಿ ತುಂಬ ಒಣಮೆಣಸಿನಕಾಯಿ ಸುರಿದಳು. ಚಟಪಟ ಸದ್ದು ಓಣಿಗೆಲ್ಲ ಕೇಳಿಸಿತು, ಘಾಟು ಮನೆಮನೆ ಹೊಕ್ಕಿತು. ದೇವಿ ಇದ್ದ ಮನೆಯಲ್ಲಿ ಅಡಿವೆವ್ವ ಸಾಸಿವೆ ಸಿಡಿಸುವವಳೇ? ಸೀನುತ್ತ, ಕೆಮ್ಮುತ್ತ, ನಗುತ್ತ ಹೆಂಗಸರೆಲ್ಲ ಲಟ್ಟಣಿಗೆ ಹಿಡಿದು ಮರಳಿ ಬಂದರು. ಹಸಿದ ಕರಬಸಪ್ಪನಿಗೂ ಖಾರದ ಸಾರು ಸಿಕ್ಕಿತು.

ಹೊತ್ತು ಮುಳುಗುವಾಗ ಬೀಗರ ಬಂಡಿಗಳ ಗೆಜ್ಜೆ ಕೇಳಿಸಿತು. ಕರಬಸಪ್ಪ ತನ್ನ ಗರಡಿ ಎಣ್ಣೆಯ ಬಾಟಲಿಯನ್ನು ಮೆಲ್ಲಗೆ ಅಡಗಿಸಿಡುತ್ತಿದ್ದ. ಅಡಿವೆವ್ವ ಅದನ್ನು ಕಸಿದುಕೊಂಡಳು. ಹಂದರದ ಹಣತೆಗಳಿಗೆಲ್ಲ ಕೊನೆಯ ಹನಿಯವರೆಗೂ ಸುರಿದು, ಒಂದೊಂದಾಗಿ ದೀಪ ಹಚ್ಚಿದಳು.