ಗೆರೆಗೆ ಬಾಯಿ ಬಂದ ಮೇಲೆ

ಕಳೆದ ಭಾನುವಾರ ಪಾರಿಶ್ವಾಡದಲ್ಲಿ ಊರಿಗೆ ಊರೇ ಸೇರಿ ನನಗೆ ಬೈದಿತು.

ನಾನು ಮಾಡಿದ ತಪ್ಪೇನು? ಕಬಡ್ಡಿ ಮೈದಾನದ ಪಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದೆ. ಎದುರಿಗೊಂದು ಡಬ್ಬಿ. ಡಬ್ಬಿಯ ಮೇಲೊಂದು ಹಸಿರು ಬಟನ್. ಅದನ್ನು ಒತ್ತುವುದಷ್ಟೇ ನನ್ನ ಕೆಲಸ. ಇಳಕಲ್ ಸೀರೆಯ ಮೇಲೆ ಕಂಪನಿಯ ನೀಲಿ ಟೀ-ಶರ್ಟ್, ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ‘ಟೆಕ್ನಿಕಲ್ ಹೆಡ್’. (ನಮ್ಮ ಮಿಕ್ಸರ್ ನಿಂತರೆ ಮೊದಲು ಅದರ ನೆತ್ತಿಗೊಂದು ಕುಟ್ಟುತ್ತೇನೆ, ಆಮೇಲೆ ಪಕ್ಕದ ಮನೆಯವರನ್ನು ಕರೆಯುತ್ತೇನೆ. ನನ್ನ ತಾಂತ್ರಿಕ ಶಿಕ್ಷಣ ಅಲ್ಲಿಗೆ ಮುಗಿಯಿತು.)

ಇದೆಲ್ಲ ನನ್ನ ನೆಗೆಣ್ಣಿ ಮಹಾದೇವಿಯ ಕೃಪೆ. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯಲ್ಲಿ ಕೆಳಗೆ ನಾವು, ಮಹಡಿಯಲ್ಲಿ ಅವರು, ಎರಡೂ ಕಡೆ ಅತ್ತೆ.

ಮಹಾದೇವಿಯ ತವರು ಖಾನಾಪುರ ತಾಲ್ಲೂಕಿನ ಪಾರಿಶ್ವಾಡ. ಕಾಲೇಜಿನಲ್ಲಿದ್ದಾಗ ಭಾರೀ ಕಬಡ್ಡಿ ಆಟಗಾರ್ತಿ. ಒಂದು ಫೈನಲ್ ಪಂದ್ಯದಲ್ಲಿ ಎದುರಾಳಿಗಳೆಲ್ಲ ಸೇರಿ ಇವಳ ಕಾಲು ಹಿಡಿದು ಕೆಡವಿದರು. ಇವಳು ಬಿದ್ದಲ್ಲಿಂದಲೇ ಕೈ ಚಾಚಿ ನಡುಗೆರೆ ಮುಟ್ಟಿದಳು. ಅಂಪೈರ್ ಮಾತ್ರ ಔಟ್ ಕೊಟ್ಟರು. ತಂಡ ಸೋತಿತು.

ಬೇರೆಯವರಾದರೆ ಮದುವೆಯಾದ ಮೇಲೆ ಇಂಥದ್ದನ್ನೆಲ್ಲ ಮರೆಯುತ್ತಾರೆ. ಮರೆಯಲು ಬೇಕಾದಷ್ಟು ಹೊಸ ಸಿಟ್ಟುಗಳು ಸಿಗುತ್ತವೆ. ಮಹಾದೇವಿ ಮರೆಯಲಿಲ್ಲ. “ನನ್ನ ಬೆರಳು ಗೆರಿಗೆ ಹತ್ತಿತ್ತು ಅಕ್ಕಾರ” ಎಂದು ರೊಟ್ಟಿ ಬಡಿಯುವಾಗ ಹೇಳಿದಳು. ತೊಟ್ಟಿಲ ಕಾರ್ಯಕ್ರಮಗಳಲ್ಲಿ ಹೇಳಿದಳು. ಹೆರಿಗೆ ವಾರ್ಡಿನಲ್ಲಿ ನೋವು ತಿನ್ನುತ್ತ ನರ್ಸಿಗೂ ಹೇಳಿದಳು. “ಹೌದ್ರಿ, ಹತ್ತಿತ್ತು. ಈಗ ಉಸಿರು ತಗೋರಿ” ಎಂದಳು ಆ ಪುಣ್ಯಾತ್ಗಿತ್ತಿ.

ಸಿಟ್ಟಿಗೂ ಒಂದು ಪದವಿ ಬೇಕಲ್ಲ? ಮಹಾದೇವಿ ಎಲೆಕ್ಟ್ರಾನಿಕ್ಸ್ ಓದಿದ್ದಳು. ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಒಂದು ದಿನ ಆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದು, ಕಾರಿಲ್ಲದ ನಮ್ಮ ಕಾರ್ ಶೆಡ್ಡಿನಲ್ಲಿ ಕಂಪನಿ ತೆರೆದಳು. ಸ್ಪೋರ್ಟ್ಸ್ ಟೆಕ್ನಾಲಜಿ ಸ್ಟಾರ್ಟಪ್! ಸಿಬ್ಬಂದಿ: ಅವಳು ಮತ್ತು ಸಂತೋಷ ಎಂಬ ಎಂಜಿನಿಯರ್.

ಅವಳು ಮಾಡಿದ ಯಂತ್ರ ಸರಳ. ಕಬಡ್ಡಿಯ ಗೆರೆಗಳ ಕೆಳಗೆ ತೆಳ್ಳಗಿನ ಪಟ್ಟಿ ಹಾಸುತ್ತಾರೆ. ರೇಡ್ ಶುರುವಾಗುವ ಮೊದಲು ಡಬ್ಬಿಯ ಹಸಿರು ಬಟನ್ ಒತ್ತಿದರೆ ಆಯಿತು, ಉಳಿದದ್ದು ಅದರದೇ ಕೆಲಸ. ಕಾಲು ಗೆರೆಯ ಆಚೆ ಬಿದ್ದರೆ, ಅಥವಾ ರೇಡ್‌ಗೆ ಹೋದವನು ನಡುಗೆರೆ ಮುಟ್ಟುವ ಮೊದಲೇ ಸಿಕ್ಕಿಬಿದ್ದರೆ, ಕೆಂಪು ದೀಪ ಹತ್ತಿ ಡಬ್ಬಿ ಕೂಗುತ್ತದೆ: “ಔಟ್!”

ಮೊದಲು ಅದು “ಆಟಗಾರರು ಗೆರೆಯನ್ನು ದಾಟಿರುತ್ತಾರೆ” ಎಂದು ಅಚ್ಚ ಕನ್ನಡದಲ್ಲಿ ಹೇಳುತ್ತಿತ್ತು. ಅದು ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ರೇಡ್ ಮುಗಿದಿರುತ್ತಿತ್ತು. ಖಾನಾಪುರದ ಕಡೆಯವರೊಬ್ಬರು, ಹಾಗಾದರೆ ಮರಾಠಿಯಲ್ಲೂ ಹೇಳಲಿ ಎಂದರು. ಎರಡರಲ್ಲೂ ಹೇಳಿದರೆ ಸಂಜೆಯಾಗುತ್ತದೆ. ಕೊನೆಗೆ “ಔಟ್” ಮಾತ್ರ ಉಳಿಯಿತು. ಗಡಿಭಾಗದಲ್ಲಿ ಯಾರೂ ತಕರಾರು ತೆಗೆಯದ ಶಬ್ದ ಅದೊಂದೇ ಇರಬೇಕು.

ಟೆಸ್ಟಿಂಗ್ ನಡೆದದ್ದು ನಮ್ಮ ಹೊಸ್ತಿಲಲ್ಲಿ. ಹಾಲಿನವರು ಬಂದರು, “ಔಟ್!” ಮೈದುನ ಆಫೀಸಿನಿಂದ ಬಂದ, “ಔಟ್!” ಮದುವೆ ಕರೆಯಲು ಬಂದ ಬೀಗರು ಒಳಗಿಟ್ಟ ಕಾಲನ್ನು ಹಾಗೇ ಹಿಂದಕ್ಕೆ ತೆಗೆದು, ಕಾರ್ಡನ್ನು ಕಿಟಕಿಯಲ್ಲಿಟ್ಟು ಹೋದರು. ಲಿಂಗಪೂಜೆಗೆ ಹೂವು ಕೊಯ್ದು ತಂದ ಅತ್ತೆಗೂ ಅದೇ ಮರ್ಯಾದೆ.

“ಸ್ವಂತ ಮನ್ಯಾಗ ನಾ ಔಟ್ ಏನ?” ಎಂದು ಅತ್ತೆ ಹೂವಿನ ಬುಟ್ಟಿ ಕೆಳಗಿಟ್ಟು ನಿಂತರು. “ಸೊಸಿ ಬಾಯಿಲೆ ಹೇಳಾಕ ಆಗಲಾರದ್ದನ್ನ ಡಬ್ಬಿ ಕಡೆಯಿಂದ ಹೇಳಸಾಕತ್ತಾಳ!”

ಮಹಾದೇವಿಗೆ ಪರಮಾನಂದ. ಯಂತ್ರ ಒಮ್ಮೆಯೂ ತಪ್ಪಿರಲಿಲ್ಲ. ಅತ್ತೆಯ ವಿಷಯದಲ್ಲೂ.

ಆದರೆ ತಪ್ಪದ ಯಂತ್ರವನ್ನು ಕೊಳ್ಳುವವರು ಬೇಕಲ್ಲ? ಕಾಲೇಜುಗಳು ನಕ್ಕವು. ಕ್ಲಬ್ಬುಗಳು ನೋಡೋಣ ಎಂದವು. ಇನ್ನು ಶೆಡ್ಡಿನ ಬಾಗಿಲು ಹಾಕಿ ಮತ್ತೆ ಪಾಠಕ್ಕೆ ಹೋಗುವುದೇ ಸರಿ ಎನ್ನುವ ಹೊತ್ತಿಗೆ, ಬೆಳಗಾವಿಯ ಒಂದು ಕ್ರೀಡಾ ಟ್ರಸ್ಟಿನ ಸಾಹೇಬರು ಒಪ್ಪಿದರು. ಹಳ್ಳಿಯೊಂದರಲ್ಲಿ ನಿಜವಾದ ಪಂದ್ಯಕ್ಕೆ ಬಳಸಿ ತೋರಿಸಿ, ಜನ ಒಪ್ಪಿದರೆ ತಾಲ್ಲೂಕಿನ ಪಂದ್ಯಗಳಿಗೆಲ್ಲ ತೆಗೆದುಕೊಳ್ಳೋಣ ಎಂದರು.

ಮಹಾದೇವಿ ತವರನ್ನೇ ಆರಿಸಿಕೊಂಡಳು. ಪಾರಿಶ್ವಾಡ ವಿರುದ್ಧ ನಂದಗಡ. ಹಿಂದಿನ ದಿನ ಸಂತೋಷನಿಗೆ ಜ್ವರ ಬಂತು. ಟೀ-ಶರ್ಟ್ ನನ್ನ ಮೈಮೇಲೆ ಬಂತು. “ನೀವೂ ವಾರಾ ವಾರಾ ಪೇಪರಿನ ಅಂಕಣದಾಗ ಇರಾವ್ರಲ್ರಿ ಅಕ್ಕಾರ, ನಿಮಗೇನ ಹೊಸಾದು?” ಎಂದು ನನ್ನನ್ನು ಬಾಡಿಗೆ ಕಾರಿಗೆ ಹತ್ತಿಸಿದಳು. (ಕಬಡ್ಡಿ ಆಡುವ ಜಾಗಕ್ಕೂ ಅಂಕಣ ಎನ್ನುತ್ತಾರೆ. ಅಲ್ಲಿ ಕಾಲು ಹಿಡಿದು ಎಳೆಯುತ್ತಾರೆ. ಇಲ್ಲಿಯೂ ಅಷ್ಟೆ ಬಿಡಿ.)

ಉದ್ಘಾಟನೆಗೆ ಸಾಹೇಬರು ಮೈಕ್ ಹಿಡಿದು ಮೈದಾನಕ್ಕೆ ಬಂದರು. ಭಾಷಣದ ಹುರುಪಿನಲ್ಲಿ ಅತ್ತಿತ್ತ ಓಡಾಡುವ ಅಭ್ಯಾಸ ಅವರಿಗೆ. “ಕ್ರೀಡೆಯಲ್ಲಿ ಪಾರದರ್ಶಕತೆ...” “ಔಟ್!” “ನಮ್ಮ ಟ್ರಸ್ಟಿನ ಧ್ಯೇಯವೇನೆಂದರೆ...” “ಔಟ್!” ಜನ ಸಿಳ್ಳೆ ಹೊಡೆದರು. ಭಾಷಣಕಾರರಿಗೆಲ್ಲ ಇಂಥದ್ದೊಂದು ಗೆರೆ ಇದ್ದಿದ್ದರೆ ಈ ದೇಶ ಎಲ್ಲಿರುತ್ತಿತ್ತು!

ಆಟ ಶುರುವಾಯಿತು. ಯಂತ್ರ ಔಟ್ ಎಂದರೆ ಔಟ್. ಔಟಾದವನು ತಲೆ ತಗ್ಗಿಸಿ ಹೊರಗೆ. ವಾದವಿಲ್ಲ, ಕಾಲರ್ ಹಿಡಿಯುವುದಿಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಯ ಪ್ರಾರ್ಥನೆಯಂತೆ ಪಂದ್ಯ ಸಾಗಿತು.

ಜನ ಆಕಳಿಸತೊಡಗಿದರು.

ಮಿರ್ಚಿ ಭಜಿ ಅಂಗಡಿಯವನು ನನ್ನ ಕುರ್ಚಿಯ ಬಳಿ ಬಂದ. “ಬಾಯಾರ, ಇದನ್ನ ಸ್ವಲ್ಪ ಬಂದ್ ಮಾಡ್ರಿ. ಜಗಳ ಹತ್ತಿದ್ರ ಮಂದಿ ನಿಂದರ್ತಾರ, ನಿಂತ್ರ ತಿಂತಾರ. ಹಿಂಗ ಲಗೂನ ಮುಗದ್ರ ನಾ ಕರದಿದ್ದ ಭಜಿ ಏನ ಮಾಡ್ಲಿ?”

ಬೇವಿನ ಮರದ ಕೆಳಗೆ ಮಹಾದೇವಿಯ ಅಣ್ಣ ಬಸವರಾಜಣ್ಣ ಒಬ್ಬರೇ ಕುಳಿತಿದ್ದರು. ಊರಿನ ಪಂದ್ಯಗಳಿಗೆಲ್ಲ ಭಾಳ ವರ್ಷ ಅವರೇ ಅಂಪೈರ್. ಇವತ್ತು ಯಂತ್ರ ಬಂದದ್ದರಿಂದ ವಿಶ್ರಾಂತಿ. ಖುಷಿಯಾಗಿರಬೇಕು ಎಂದುಕೊಂಡು ಮಾತಾಡಿಸಿದೆ.

“ಏನ್ ಖುಷಿ ತಂಗೀ?” ಎಂದರು. “ನಮ್ಮ ಅಜ್ಜಾನಿಂದ ಹಿಡದು ಎಲ್ಲಾರ ಹೆಸರ ತಗದು ಬೈತಿದ್ರು. ಇವತ್ತ ಒಬ್ಬರೂ ನನ್ನ ಕಡೆ ಹೊಳ್ಳಿ ನೋಡವಲ್ರು.”

ಕೊನೆಯ ರೇಡ್ ಬಂತು. ಎರಡೂ ಕಡೆ ಅಂಕ ಸಮ. ಪಾರಿಶ್ವಾಡದ ಪರವಾಗಿ ಹೋದವನು ಮಂಜುನಾಥ, ಇದೇ ಬಸವರಾಜಣ್ಣನ ಮಗ. ಒಬ್ಬನನ್ನು ಮುಟ್ಟಿ ತಿರುಗಿದ. ಅಷ್ಟರಲ್ಲಿ ನಂದಗಡದವರು ಅವನ ಎರಡೂ ಕಾಲಿಗೆ ಜೋತುಬಿದ್ದರು. ಮಂಜುನಾಥ ದಬಕ್ಕನೆ ಬಿದ್ದ. ಬಿದ್ದಲ್ಲಿಂದಲೇ ಕೈ ಚಾಚಿದ. ಧೂಳು. ಏನೂ ಕಾಣಲಿಲ್ಲ.

“ಔಟ್!”

ಮಂಜುನಾಥ ಬಾಯಲ್ಲಿನ ಮಣ್ಣು ಉಗುಳಿ ಕೂಗಿದ: “ಅತ್ತೀ! ನನ್ನ ಬೆರಳು ಗೆರಿಗೆ ಹತ್ತಿತ್ತು!”

ನಾನು ಮಹಾದೇವಿಯ ಮುಖ ನೋಡಿದೆ. ಅವಳು ಬಿಳಿಚಿಕೊಂಡಿದ್ದಳು. ಇಷ್ಟು ವರ್ಷ ತಾನು ಹೇಳಿದ ಮಾತು ಇನ್ನೊಬ್ಬರ ಬಾಯಿಂದ ಬಂದಾಗ ಅದು ಹೇಗೆ ಕೇಳಿಸುತ್ತದೆ ಎಂದು ಅವಳಿಗೆ ಮೊದಲ ಸಲ ಗೊತ್ತಾಗಿರಬೇಕು.

“ಇಲ್ಲೋ ಮಂಜ್ಯಾ, ಹತ್ತಿಲ್ಲ” ಎಂದಳು, ಮೆಲ್ಲಗೆ.

“ನಿನ್ನ ತವರಮನಿ ಊರಲ್ಲೇನ ಇದು?” ಜನರೊಳಗಿಂದ ಯಾರೋ ಚೀರಿದರು. “ಸ್ವಂತ ಅಣ್ಣನ ಮಗ ಅಲ್ಲೇನ ಅಂವ? ಹೇಳ ನಿನ್ನ ಮಷಿನ್ನಿಗೆ!”

“ಹೇಳಿದ್ರ ಕೇಳೂದಿಲ್ರಿ ಅದು. ಅದಕ್ಕ ತವರಮನಿ ಇಲ್ಲ!”

ಮಹಾದೇವಿಯ ಉತ್ತರ ಸರಿಯಾಗಿತ್ತು. ಆಗ ಗಂಗವ್ವ ಎಂಬ ಮುದುಕಿ ಕೋಲೂರಿಕೊಂಡು ನೆಟ್ಟಗೆ ನನ್ನ ಕಡೆ ಬಂದಳು. ಟೀ-ಶರ್ಟನ್ನು ಹಿಂದೆ ಮುಂದೆ ನೋಡಿದಳು.

“ಬಟನ್ ಒತ್ತಾಕಿ ನೀ ಏನ?”

“ಹೌದಬೇ.”

“ಡಬ್ಬಿಗೆ ತವರಮನಿ ಇಲ್ಲ. ನಿನಗರ ಐತಿಲ್ಲ? ಯಾವೂರು?”

ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ.

“ನಂದಗಡ.”

ಆಮೇಲೆ ಆದದ್ದನ್ನು ಹೇಗೆ ಹೇಳಲಿ? ಬಿಸಿಲಿಗೆ ಬಾಡಿದ್ದ ಮೈದಾನಕ್ಕೆ ಮಳೆ ಬಿದ್ದ ಹಾಗಾಯಿತು. “ಅದಕ್ಕ! ಅದಕ್ಕ ನೋಡ್ರಿ!” ಎಂದು ಎಲ್ಲರೂ ಒಮ್ಮೆಲೇ ಎದ್ದರು. ಕೂತವರು ನಿಂತರು, ಮನೆಗೆ ಹೊರಟವರು ತಿರುಗಿ ಬಂದರು. ನಾನು ಬಟನ್ ಒತ್ತಿದ್ದಷ್ಟೇ ಎಂದೆ. “ನಂದಗಡದ ನೀರ ಕುಡದ ಬಟ್ಟು ಒತ್ತಿದ್ರ ಮತ್ತೇನಾದೀತು?” ಎಂದಳು ಗಂಗವ್ವ. ನನ್ನ ಟೀ-ಶರ್ಟಿಗೆ, ನನ್ನ ಚಷ್ಮಾಕ್ಕೆ, ನನ್ನನ್ನು ಕೊಟ್ಟವರಿಗೆ, ತಂದುಕೊಂಡವರಿಗೆ ಎಲ್ಲರಿಗೂ ಬಿತ್ತು. ಗೆದ್ದು ಸುಮ್ಮನೆ ನೀರು ಕುಡಿಯುತ್ತಿದ್ದ ನಂದಗಡದ ತಂಡ ಓಡಿಬಂತು. “ನಮ್ಮೂರ ಮಗಳಿಗೆ ಅಂತೀರೇನ್ರೋ?”

ಎರಡೂ ಊರು ಎದುರು ಬದುರು ನಿಂತವು. ಬಸವರಾಜಣ್ಣ ಮರದ ಕೆಳಗಿನಿಂದ ಎದ್ದು, ಪಂಚೆ ಎತ್ತಿ ಕಟ್ಟಿ, ನಡುವೆ ನುಗ್ಗಿದರು. “ಹಿಂದ ಸರೀರಿ! ನಾ ಹೇಳ್ತೀನಿ ಕೇಳ್ರಿ!” ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಅವರ ಮಗಳ ಮದುವೆಯಲ್ಲೂ ನೋಡಿರಲಿಲ್ಲ. ಅವರಿಗೂ ಸಾಕಷ್ಟು ಬೈಗುಳ ಸಿಕ್ಕವು. ಪಂದ್ಯಕ್ಕಿಂತ ಜಗಳ ದೊಡ್ಡದಾಯಿತು. ಭಜಿ ಖಾಲಿಯಾಯಿತು.

ಎಲ್ಲರಿಗೂ ದಣಿವಾದ ಮೇಲೆ ಚಹಾ ಬಂತು. ನನಗೆ ಚಹಾ ತಂದುಕೊಟ್ಟವಳು ಗಂಗವ್ವನೇ. “ಬ್ಯಾಸರ ಮಾಡ್ಕೋಬ್ಯಾಡವಾ. ಆಟದಾಗಿನ ಬೈಗಳ ಆಟದಾಗ. ಚಹಾಕ್ಕ ಸಕ್ರಿ ಸಾಕಾ?”

ಊರ ಹಿರಿಯರು ಸೇರಿ ಮಾತಾಡಿಕೊಂಡು ಮಹಾದೇವಿಯನ್ನು ಕರೆದರು. ಮಷಿನ್ ಬೇಕು ಎಂದರು. ಇನ್ನು ಮುಂದೆ ಅದಿಲ್ಲದೆ ಪಂದ್ಯವೇ ಇಲ್ಲ ಎಂದರು. ಒಂದೇ ಷರತ್ತು: ಬಟನ್ ಒತ್ತುವವರು ಕಡ್ಡಾಯವಾಗಿ ಎದುರು ತಂಡದ ಊರಿನವರೇ ಆಗಿರಬೇಕು.

ಸಾಹೇಬರು ಬೂಟಿನ ಧೂಳು ಕೊಡವುತ್ತ ಬಂದರು. ನಾನು ಕಣ್ಣು ಮುಚ್ಚಿಕೊಂಡೆ. “ಮೇಡಂ, ಇಷ್ಟು ಪಬ್ಲಿಕ್ ಎಂಗೇಜ್‌ಮೆಂಟ್ ನಾ ಎಲ್ಲೂ ನೋಡಿಲ್ರಿ. ತಾಲೂಕಿಗೆಲ್ಲ ತಗೋಳೂಣು!”

ಹೀಗೆ ನನ್ನ ನೆಗೆಣ್ಣಿಯ ಕಂಪನಿ ಉಳಿಯಿತು. ಹಬ್ಬ ಮಾಡಬೇಕಲ್ಲವೇ? ಮರಳುವಾಗ ಖಾನಾಪುರದ ಹೋಟೆಲಿನಲ್ಲಿ ಅವಳು ಇಡ್ಲಿಯನ್ನು ಚೂರು ಮಾಡುತ್ತ ಕುಳಿತಿದ್ದಳು, ತಿನ್ನಲಿಲ್ಲ.

“ಜಗಳ ನಿಲ್ಲಸೂಣು ಅಂತ ನೌಕರಿ ಬಿಟ್ಟು ಇದನ್ನ ಮಾಡಿದೆ ಅಕ್ಕಾರ. ಜಗಳ ಆತು ಅಂತ ಆರ್ಡರ್ ಬಂತು. ಇದಕ್ಕ ನಾ ನಗಬೇಕೋ ಅಳಬೇಕೋ?”

ನಾನು ಏನು ಹೇಳಲಿ? ಬೈಸಿಕೊಂಡವಳು ನಾನು, ಸಮಾಧಾನವೂ ನಾನೇ ಹೇಳಬೇಕೇ? ಇಡ್ಲಿ ತಿನ್ನು ಎಂದೆ.

ಅಷ್ಟರಲ್ಲಿ ಅವಳಿಗೆ ಫೋನ್ ಬಂತು. ನಂದಗಡ ತಂಡದ ಕ್ಯಾಪ್ಟನ್. ಸ್ಪೀಕರ್ ಹಾಕಿದಳು. ಮುಂದಿನ ಭಾನುವಾರ ತಮ್ಮೂರಲ್ಲೂ ಪಂದ್ಯ ಇಟ್ಟಿದ್ದೇವೆ, ಯಂತ್ರ ತರಬೇಕು, ಬಟನ್ ಒತ್ತಲು ಪಾರಿಶ್ವಾಡದ ಮಗಳಾದ ನೀವೇ ಕೂರಬೇಕು ಎಂದ.

“ಅಲ್ರೀ,” ಎಂದಳು ಮಹಾದೇವಿ, “ಮಷಿನ್ ಏನರ ತಪ್ಪ ಮಾಡೇತೇನ್ರಿ?”

“ಛೇ ಛೇ, ಎಲ್ಲೀದ್ರಿ! ಅದು ತಪ್ಪ ಮಾಡಂಗೇ ಇಲ್ಲ ಅನ್ನೂದು ಎಲ್ಲಾರಿಗೂ ಖಾತ್ರಿ ಆಗೇತ್ರಿ. ಅದಕ್ಕ ಅದರ ಬಾಜೂಕ ಒಬ್ಬರು ಮನಶ್ಯಾರು ಬೇಕ್ರಿ.”

ಮಹಾದೇವಿ ನಗತೊಡಗಿದಳು. ಪಕ್ಕದ ಟೇಬಲ್ಲಿನವರು ತಿರುಗಿ ನೋಡುವಷ್ಟು ನಕ್ಕಳು. “ಬರ್ತೀನ್ರಿ. ಬೈಯಾಕ ಚಲೋ ಮಂದೀನ್ನ ಕರಸ್ರಿ” ಎಂದು ಹೇಳಿ ಫೋನ್ ಇಟ್ಟು, ನನ್ನ ತಟ್ಟೆಯಲ್ಲಿದ್ದ ವಡೆಯನ್ನೂ ಎಳೆದುಕೊಂಡು ತಿಂದಳು.

ನಾನು ಕ್ಯಾಪ್ಟನ್ನನ ಮಾತನ್ನೇ ಯೋಚಿಸುತ್ತಿದ್ದೆ. ಅದರಲ್ಲಿ ನಗುವಂಥದ್ದೇನಿದೆ? ತಪ್ಪೇ ಮಾಡದವರ ಜೊತೆ ನೀವು ಯಾವತ್ತಾದರೂ ಸಂಸಾರ ಮಾಡಿ ನೋಡಿದ್ದೀರಾ?