ಹಕ್ಕಿಯ ಕಾಲಿಗೆ ಮಾರಮ್ಮನ ಕಡ್ಡಿಕಟ್ಟು

ಬೆಳಗಿನ ಐದೂವರೆ. ಅಮೃತಹಳ್ಳಿಯ ಹಳೇ ಊರಿನ ಓಣಿಗೆ ಇನ್ನೂ ಹಾಲಿನ ಗಾಡಿ ಬಂದಿಲ್ಲ. ಮಾರಮ್ಮ ಹೊಸ್ತಿಲ ಬಳಿ ಮಣೆಯ ಮೇಲೆ ಕೂತು, ಮಡಿಲಲ್ಲಿ ಒಂದು ಶೂ ಡಬ್ಬ ಇಟ್ಟುಕೊಂಡಿದ್ದಾರೆ. ಮುಚ್ಚಳವನ್ನು ಎರಡು ಬೆರಳಿನಷ್ಟೇ ಸರಿಸಿ ಒಳಗೆ ಇಣುಕುತ್ತಾರೆ. ಹಳೇ ಟವೆಲ್ಲಿನ ಮೇಲೆ ಬೂದುಬಣ್ಣದ ಕಾಕಟೀಲ್ ಹಕ್ಕಿಯೊಂದು ಮುದುಡಿ ಕೂತಿದೆ. ತಲೆಯ ಮೇಲೆ ಹಳದಿ ಜುಟ್ಟು, ಕೆನ್ನೆಯಲ್ಲಿ ಕುಂಕುಮ ಒತ್ತಿದಂಥ ಕಿತ್ತಳೆ ಬೊಟ್ಟು. ಎಳನೀರು ಕುಡಿಯುವ ಕೊಳವೆಯ ತುಂಡೊಂದನ್ನು ಉದ್ದಕ್ಕೆ ಸೀಳಿ, ಅದರ ಎಡಗಾಲಿಗೆ ತೊಡಿಸಿ, ಮೇಲೆ ಬಿಳಿ ಟೇಪು ಸುತ್ತಿದೆ.

ಕಾಲಿನ ಬಗ್ಗೆ ಮಾರಮ್ಮನಿಗೆ ಈಗ ಅಷ್ಟು ಚಿಂತೆಯಿಲ್ಲ. ಅವರ ಕಣ್ಣಿರುವುದು ಡಬ್ಬದ ಮೂಲೆಯ ನವಣೆ ಕಾಳಿನ ಮೇಲೆ. ನಿನ್ನೆ ಸಂಜೆ ಹಾಕಿದ್ದು ಹಾಗೇ ಇದೆ. ಕೆಳಗೆ ಹಾಸಿದ ಪತ್ರಿಕೆಯ ಮೇಲಿನ ಹಿಕ್ಕೆಗಳನ್ನು ಎಣಿಸುತ್ತಾರೆ. ನಾಲ್ಕು. ಹೊಟ್ಟೆತುಂಬ ತಿಂದ ಹಕ್ಕಿಯಾಗಿದ್ದರೆ ಇಪ್ಪತ್ತಾದರೂ ಇರಬೇಕಿತ್ತು.

“ಕಾಲ್ ಕೂಡ್ಕೊಳ್ತದೆ ಕಣೆ. ಒಟ್ಟೆಗೇ ಇಲ್ದಿದ್ರೆ ಕಾಲ್ ತಗೊಂಡ್ ಏನ್ ಮಾಡ್ತದೆ,” ಎಂದು ಸೊಸೆ ಸುಮಾಗೆ ಮೆಲ್ಲಗೆ ಹೇಳಿ ಮತ್ತೆ ಮುಚ್ಚಳ ಹಾಕುತ್ತಾರೆ. ಹಕ್ಕಿ ಅವರ ಮನೆಗೆ ಬಂದು ಎರಡು ದಿನವಾಗಿದೆ. ಇನ್ನೊಂದು ದಿನ ಹೀಗೇ ಕಳೆದರೆ ಉಳಿಯುವುದು ಕಷ್ಟ.

ಐವತ್ತೆಂಟರ ಮಾರಮ್ಮ ಹಕ್ಕಿ ವೈದ್ಯೆಯಲ್ಲ. ಏಳೂವರೆಗೆ ಅವರು ನೀಲಿ ಕೋಟು ತೊಟ್ಟು, ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ಅಪಾರ್ಟ್‌ಮೆಂಟಿನಲ್ಲಿ ಪೊರಕೆ ಹಿಡಿಯಬೇಕು. ಎರಡು ಬ್ಲಾಕು, ಒಂಬತ್ತು ಅಂತಸ್ತು, ದಿನಕ್ಕೊಮ್ಮೆ ಪೂರ್ತಿ ಮೆಟ್ಟಿಲು. ಅಲ್ಲಿನ ಬಹಳಷ್ಟು ಜನಕ್ಕೆ ಅವರ ಹೆಸರೂ ಗೊತ್ತಿಲ್ಲ. ಆದರೆ ಕೋಗಿಲು ಬಡಾವಣೆಯಿಂದ ಸಂಜಯನಗರದವರೆಗೆ ಮನೆಯಲ್ಲಿ ಲವ್‌ಬರ್ಡ್ಸ್, ಬಡ್ಜಿ, ಪಾರಿವಾಳ ಸಾಕಿದವರ ಫೋನುಗಳಲ್ಲಿ ಅವರ ನಂಬರಿದೆ. ಹಳೇ ಊರಿನವರ ಮಾತಿನಂತೆ ಅವರ ಬಾಯಲ್ಲಿ ಹಕ್ಕಿ ‘ಅಕ್ಕಿ’ಯಾಗುತ್ತದೆ. “ಅಕ್ಕಿ ತತ್ತೀರಾ?” ಎಂದು ಅವರು ಕೇಳಿದಾಗ, ಮೊದಲ ಸಲ ಫೋನ್ ಮಾಡಿದವರು ಎಷ್ಟು ಕೇಜಿ ತರಬೇಕೆಂದು ಕೇಳಿದ್ದೂ ಉಂಟು.

ತಿಂಗಳಿಗೆ ಹದಿನೈದರಷ್ಟು ಹಕ್ಕಿಗಳು ಬರುತ್ತವೆ. ಬೇಸಿಗೆಯಲ್ಲಿ ಇಪ್ಪತ್ತೈದು ದಾಟುತ್ತವೆ, ಏಕೆಂದರೆ ಬೇಸಿಗೆ ಫ್ಯಾನಿನ ಕಾಲ. ಪಂಜರದ ಬಾಗಿಲು ತೆಗೆದವರು ಸ್ವಿಚ್ಚು ಮರೆಯುತ್ತಾರೆ. ಉಳಿದವು ಬೆಕ್ಕಿನ ಬಾಯಿ ತಪ್ಪಿಸಿಕೊಂಡವು, ಬಾಗಿಲಿಗೆ ಸಿಕ್ಕವು, ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಪಾರಿವಾಳಗಳು. ಹತ್ತರಲ್ಲಿ ಆರು ಸುಧಾರಿಸುತ್ತವೆ, ಎರಡು ಸಾಯುತ್ತವೆ. ಮಿಕ್ಕೆರಡನ್ನು ಮಾರಮ್ಮ ಮುಟ್ಟುವುದೇ ಇಲ್ಲ. ಮೂಳೆ ಚರ್ಮ ಹರಿದು ಹೊರಬಂದಿದ್ದರೆ, ಕೊಕ್ಕಿನಲ್ಲಿ ರಕ್ತ ಕಂಡರೆ, ಎಷ್ಟು ದೂರವಾದರೂ ದೊಡ್ಡ ಪಶು ಆಸ್ಪತ್ರೆಗೇ ಒಯ್ಯಿರಿ ಎಂದು ಬಾಗಿಲಲ್ಲೇ ಹೇಳಿ ಕಳಿಸುತ್ತಾರೆ.

ಈ ಕಡೆ ನಾಯಿ ಬೆಕ್ಕುಗಳ ಕ್ಲಿನಿಕ್ಕುಗಳಿಗೆ ಬರವಿಲ್ಲ. ಹಕ್ಕಿಯ ಮೈ ಬಲ್ಲ ಡಾಕ್ಟರು ಮಾತ್ರ ಬೆರಳೆಣಿಕೆಯವರು. ಆ ನಡುವಿನ ಖಾಲಿ ಜಾಗದಲ್ಲಿ ಮಾರಮ್ಮನ ಶೂ ಡಬ್ಬಗಳಿವೆ.

ಈ ವಿದ್ಯೆ ಅವರಿಗೆ ಬಂದದ್ದು ಕೋಳಿಮರಿಗಳಿಂದ. ಯಲಹಂಕದಾಚೆ ಒಂದು ಹ್ಯಾಚರಿಯಲ್ಲಿ ಅವರು ಹದಿನೇಳು ವರ್ಷ ದುಡಿದರು. ಮೊಟ್ಟೆಯೊಡೆದು ಬಂದ ಮರಿಗಳಿಗೆ ಲಸಿಕೆ ಚುಚ್ಚಿ ಪೆಟ್ಟಿಗೆಗೆ ತುಂಬುವ ಕೆಲಸ. ಗಂಟೆಗೆ ಸಾವಿರ ಮರಿ ಕೈದಾಟುತ್ತಿತ್ತು. ಕಾಲು ಅಗಲಿಸಿಕೊಂಡು ಹುಟ್ಟಿದ ಮರಿಗಳನ್ನು ಅಲ್ಲಿ ಬಿಸಾಡುತ್ತಿದ್ದರು. ಮಾರಮ್ಮ ದಿನಕ್ಕೆರಡನ್ನು ಸೆರಗಿನಲ್ಲಿ ಕಟ್ಟಿ ಮನೆಗೆ ತರುತ್ತಿದ್ದರು. ಎರಡೂ ಕಾಲಿಗೆ ಉಲ್ಲನ್ ದಾರದ ತೊಡರು ಹಾಕಿದರೆ ನಾಲ್ಕೇ ದಿನದಲ್ಲಿ ಮರಿ ನೆಟ್ಟಗೆ ನಿಲ್ಲುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಹಾಗೆ ಕಟ್ಟಿದರೆ ಏನಾಗುತ್ತದೆ ಎಂದು ನೋಡುವ ಆಸೆ, ಅಷ್ಟೆ. ಮುಂದೆ ಹ್ಯಾಚರಿಯ ಜಾಗ ಲೇಔಟ್ ಆಯಿತು. ಮಾರಮ್ಮ ಪೊರಕೆ ಹಿಡಿದರು. ಒಂದು ದಿನ ನಾಲ್ಕನೇ ಅಂತಸ್ತಿನ ಮನೆಯೊಂದರಲ್ಲಿ ಮಗು ಬಿಕ್ಕಿ ಬಿಕ್ಕಿ ಅಳುತ್ತಿತ್ತು, ಅಂಗೈಯಲ್ಲಿ ಕಾಲು ಮುರಿದ ಬಡ್ಜಿ. ಪೊರಕೆ ಗೋಡೆಗೆ ಒರಗಿಸಿ ಒಳಗೆ ಹೋದರು. ಅದಾಗಿ ಹನ್ನೆರಡು ವರ್ಷ.

ಕಲಿಕೆಯ ದಾರಿಯಲ್ಲಿ ಅವರು ಒಂದು ಹಕ್ಕಿಯನ್ನು ಕೊಂದಿದ್ದಾರೆ. ಕೇಳದಿದ್ದರೂ ಅದನ್ನು ಹೇಳುತ್ತಾರೆ. ಆರ್‌ಟಿ ನಗರದ ಟೈಲರ್ ಗೌಹರ್ ಅವರ ಲವ್‌ಬರ್ಡ್‌ಗೆ ರೆಕ್ಕೆ ಮುರಿದಿತ್ತು. ರೆಕ್ಕೆ ಅಲುಗದಿರಲೆಂದು ಮಾರಮ್ಮ ಎದೆಯ ಸುತ್ತ ಬಟ್ಟೆಯನ್ನು ಬಿಗಿಯಾಗಿ ಸುತ್ತಿದರು. ಗಂಟೆಯೊಳಗೆ ಹಕ್ಕಿ ತಲೆ ವಾಲಿಸಿತು. “ನಾವು ಎದೆ ಬಿಗಿದ್ರೂ ಒಟ್ಟೆ ಎತ್ತಿ ಉಸ್ರಾಡ್ತೀವಿ. ಅಕ್ಕಿಗೆ ಆ ಅನುಕೂಲ ಇಲ್ಲ. ಅದರ ಎದೆಗೂಡೇ ಆಡ್ಬೇಕು. ನಂಗೆ ಅದ್ ಗೊತ್ತಿರ್ಲಿಲ್ಲ. ನಾನೇ ಕೊಂದೆ ಅಂತ ಆಯಮ್ಮನ್ ಮುಂದೆ ಏಳ್ದೆ,” ಎನ್ನುತ್ತಾರೆ. ಗೌಹರ್ ಎದ್ದುಹೋದರು. ತಿಂಗಳ ನಂತರ ಅವರೇ ಒಂದು ಪೊಟ್ಟಣ ಕಳಿಸಿದರು. ಬ್ಲೌಸ್ ಹೊಲಿದುಳಿದ ಮೆತ್ತನೆ ಮಲ್ ಬಟ್ಟೆಯನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿಟ್ಟಿದ್ದರು. ಇವತ್ತಿಗೂ ಮಾರಮ್ಮನ ಮನೆಯ ಪಟ್ಟಿಬಟ್ಟೆಯೆಲ್ಲ ಗೌಹರ್ ಅಂಗಡಿಯದೇ.

ಈಗ ಡಬ್ಬದಲ್ಲಿರುವ ಕಾಕಟೀಲ್‌ನ ಹೆಸರು ಮೇಷ್ಟ್ರು. ಊರಿನ ಹಳೇ ಜಮೀನುದಾರರಾದ ನರಸಿಂಹಯ್ಯನವರ ಮನೆಯದು. ನರಸಿಂಹಯ್ಯನವರಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಮಾತು ನಿಂತಿತು. ಕೈಕಾಲು ಅಷ್ಟಿಷ್ಟು ಮರಳಿದರೂ ನಾಲಿಗೆ ಮರಳಲಿಲ್ಲ. ಹೇಗೋ ಸಿಳ್ಳೆ ಮಾತ್ರ ಉಳಿದಿತ್ತು. ಅವರು ಸಿಳ್ಳೆ ಹಾಕಿದರೆ ಮೇಷ್ಟ್ರು ಉತ್ತರ ಕೊಡುತ್ತಿತ್ತು, ಹೆಚ್ಚಾಗಿ ನೀರಿನ ಟ್ಯಾಂಕರ್ ಹಿಂದಕ್ಕೆ ಬರುವಾಗ ನುಡಿಸುವ ರಾಗದಲ್ಲಿ. ಮನೆಯಲ್ಲಿ ಅವರಿಬ್ಬರದೇ ಒಂದು ಸಂಸಾರ.

ಕಳೆದ ಭಾನುವಾರ ಮಧ್ಯಾಹ್ನ ಮೇಷ್ಟ್ರು ಫ್ಯಾನಿಗೆ ಸಿಕ್ಕಿತು. ಮಗ ಯಶವಂತ್, ಕಟ್ಟಡದ ಕಂಟ್ರಾಕ್ಟರು, ಹಕ್ಕಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮೂರು ಕ್ಲಿನಿಕ್ ಸುತ್ತಿದ. ಎರಡು ಕಡೆ ಹಕ್ಕಿ ನೋಡುವುದಿಲ್ಲ ಎಂದರು. ಮೂರನೆಯ ಕಡೆ ಹಕ್ಕಿ ಡಾಕ್ಟರು ಗುರುವಾರಗಳಂದು ಮಾತ್ರ ಬರುತ್ತಾರೆ, ಮೂರು ವಾರ ಪಟ್ಟಿ ತುಂಬಿದೆ ಎಂದು ನಾಲ್ಕನೇ ವಾರಕ್ಕೆ ಹೆಸರು ಬರೆದುಕೊಂಡರು. ಮರುದಿನ ಸರ್ಕಾರಿ ರಜೆ, ದೊಡ್ಡ ಪಶು ಆಸ್ಪತ್ರೆಯೂ ತೆರೆಯುವುದಿಲ್ಲ. ಬರಿಗೈಯಲ್ಲಿ ಮನೆಗೆ ಬಂದಾಗ, ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್ ಮಾರಮ್ಮನ ಹೆಸರು ಹೇಳಿದ.

ಆ ಮನೆ ಮಾರಮ್ಮನಿಗೆ ಹೊಸದೇನಲ್ಲ. ಅವರ ಅಪ್ಪ ಚಿಕ್ಕಮಾರಯ್ಯ ನರಸಿಂಹಯ್ಯನವರ ತಂದೆಯ ಕಾಲದಲ್ಲಿ ಅವರ ದ್ರಾಕ್ಷಿತೋಟಕ್ಕೆ ನೀರು ಕಟ್ಟುತ್ತಿದ್ದವರು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಬಂದಾಗ ಮಾರಮ್ಮ ನಿಲ್ಲುತ್ತಿದ್ದದ್ದು ಹಿತ್ತಲಲ್ಲಿ. ಆ ಭಾನುವಾರ ಸಂಜೆ ಕರೆ ಬಂದು ಹೋದಾಗ, ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟವರು ಅಲ್ಲೇ ನಿಂತು, ಹಕ್ಕಿಯನ್ನು ಜಗಲಿಗೆ ತನ್ನಿ ಎಂದರು. ನರಸಿಂಹಯ್ಯನವರ ಹೆಂಡತಿ ವೆಂಕಟಲಕ್ಷ್ಮಮ್ಮ ಬಾಗಿಲಿನ ಎರಡನೇ ಕದವನ್ನೂ ತೆಗೆದರು. ಆಮೇಲೆ ಹೇಳಿದರು: “ಒಳಕ್ ಬಾ ಮಾರಿ. ಬೆಳಕು ಒಳಗೇ ಚೆನ್ನಾಗಿರಾದು.” ಊಟದ ಮೇಜಿನ ಮೇಲೆ ದೀಪದ ಕೆಳಗೆ ಮಾರಮ್ಮ ಹಕ್ಕಿಯನ್ನು ಮಲಗಿಸಿದರು.

ಮೊದಲು ಮಾಡಿದ ಕೆಲಸ, ವೆಂಕಟಲಕ್ಷ್ಮಮ್ಮನವರ ಕೈಯಿಂದ ಚಮಚ ಕಸಿದದ್ದು. ನೋವಲ್ಲಿರುವ ಹಕ್ಕಿಯ ಬಾಯಿಗೆ ನೀರು ಹೊಯ್ದರೆ ಅದು ಶ್ವಾಸಕ್ಕೆ ಹೋಗಿ ಸಾಯುತ್ತದೆ. ರೆಕ್ಕೆಯಲ್ಲಿ ಮುರಿದ ಎಳೆಗರಿಯಿಂದ ರಕ್ತ ಜಿನುಗುತ್ತಿತ್ತು. ಅದಕ್ಕೆ ಜೋಳದ ಹಿಟ್ಟು ಒತ್ತಿ ಹಿಡಿದರು. ಆಮೇಲೆ ಕಣ್ಣು ಮುಚ್ಚಿದರು. ಕಾಲಿನ ಮೂಳೆಯನ್ನು ಅವರು ನೋಡುವುದು ಹೆಬ್ಬೆರಳಿನಿಂದ. ಬೆಂಕಿಕಡ್ಡಿಗಿಂತ ಸಣ್ಣ ಮೂಳೆಯ ಎರಡು ತುದಿ ಎಲ್ಲಿ ತಾಗುತ್ತವೆ ಎಂದು ಬೆರಳೇ ಹೇಳಬೇಕು. ತಾಗಿತು ಅನ್ನಿಸಿದ ಮೇಲೆ ಕೊಳವೆಯ ತುಂಡು, ಟೇಪು. ಎಳನೀರು ಅಂಗಡಿಯಲ್ಲಿ ಈಗ ಪೇಪರ್ ಕೊಳವೆ ಬಂದು ಅವರಿಗೆ ಫಜೀತಿಯಾಗಿದೆ, ಅದು ಹಿಕ್ಕೆಗೆ ನೆನೆದು ಮೆತ್ತಗಾಗುತ್ತದೆ. ಹಳೇ ಪ್ಲಾಸ್ಟಿಕ್ ಕೊಳವೆಗಳ ಕಟ್ಟೊಂದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ಸೋಮವಾರ ಬೆಳಿಗ್ಗೆ ನೋಡಿದರೆ ಮೇಷ್ಟ್ರು ಅರ್ಧ ಟೇಪು ಕುಕ್ಕಿ ಹರಿದಿತ್ತು. ಮತ್ತೆ ಕಟ್ಟಿ, ಕಣ್ಣಳತೆಯಲ್ಲಿರಲಿ ಎಂದು ಮನೆಗೇ ತಂದರು. ಟೇಪು ಉಳಿಯಿತು, ಊಟ ಬಿಟ್ಟುಹೋಯಿತು. ತೆನೆ ಕೊಟ್ಟರು, ಬೇಯಿಸಿದ ಮೊಟ್ಟೆ ಪುಡಿಮಾಡಿ ಕೊಟ್ಟರು, ಸುಮಾ ಕೊತ್ತಂಬರಿ ಸೊಪ್ಪು ಹಿಡಿದು ಕೂತರು. ಹಕ್ಕಿ ಗೋಡೆಗೆ ಮುಖ ಮಾಡಿತು.

ಬುಧವಾರದ ಈ ಬೆಳಿಗ್ಗೆ ನಾಲ್ಕು ಹಿಕ್ಕೆ ಎಣಿಸಿದ ಮಾರಮ್ಮ, ಸ್ವಲ್ಪ ಹೊತ್ತು ಯೋಚಿಸಿ ಯಶವಂತ್‌ಗೆ ಫೋನ್ ಮಾಡುತ್ತಾರೆ. ಹಕ್ಕಿಯನ್ನು ಈಗ ಅಲುಗಿಸಿ ಒಯ್ಯುವುದು ಬೇಡ, ಅಪ್ಪನನ್ನೇ ಇಲ್ಲಿಗೆ ಕರೆತರಲಾಗುತ್ತದಾ ಎಂದು ಕೇಳುತ್ತಾರೆ. ಯಶವಂತ್, “ಕಾರ್ ನಿಮ್ ಓಣಿಗೆ ಬರಲ್ವಲ್ಲಮ್ಮ. ಇರ್ಲಿ, ಹೆಂಗೋ ಕರ್ಕೊಂಡ್ ಬರ್ತೀನಿ,” ಎನ್ನುತ್ತಾನೆ.

ಏಳು ಗಂಟೆಗೆ ನರಸಿಂಹಯ್ಯ ಬರುತ್ತಾರೆ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕಡೆ ಮಗನ ಭುಜ. ಎಪ್ಪತ್ತಾರು ವರ್ಷ ಇದೇ ಊರಿನಲ್ಲಿದ್ದರೂ ಈ ಓಣಿಗೆ ಅವರು ಕಾಲಿಟ್ಟದ್ದನ್ನು ಯಾರೂ ಕಂಡಿಲ್ಲ. ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಸುಮಾ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಲ್ಲಿ ಒರೆಸಿ ಹಾಕುತ್ತಾರೆ. ಮಾರಮ್ಮ ಡಬ್ಬವನ್ನು ತಂದು ಅವರ ತೊಡೆಯ ಮೇಲಿಟ್ಟು ಮುಚ್ಚಳ ಪೂರ್ತಿ ತೆಗೆಯುತ್ತಾರೆ.

ನರಸಿಂಹಯ್ಯ ತುಟಿ ಕೂಡಿಸಲು ಹೆಣಗುತ್ತಾರೆ. ಮೊದಲು ಗಾಳಿ ಮಾತ್ರ ಬರುತ್ತದೆ. ಎರಡನೇ ಸಲ ಸಿಳ್ಳೆಯಾಗುತ್ತದೆ. ಹಕ್ಕಿ ಅಲುಗುವುದಿಲ್ಲ. ಇನ್ನೊಮ್ಮೆ ಹಾಕುತ್ತಾರೆ. ಮೇಷ್ಟ್ರ ಹಳದಿ ಜುಟ್ಟು ನಿಧಾನಕ್ಕೆ ನೆಟ್ಟಗಾಗುತ್ತದೆ, ಮುಖ ಗೋಡೆ ಬಿಟ್ಟು ಇತ್ತ ತಿರುಗುತ್ತದೆ. ಅದರ ಗಂಟಲಿನಿಂದ ಟ್ಯಾಂಕರ್ ರಾಗದ ಅರ್ಧ ತುಣುಕು ಹೊರಡುತ್ತದೆ. ಮಾರಮ್ಮ ನರಸಿಂಹಯ್ಯನವರ ಅಂಗೈಗೆ ನಾಲ್ಕು ಕಾಳು ನವಣೆ ಸುರಿಯುತ್ತಾರೆ. ಹಕ್ಕಿ ಕತ್ತು ಚಾಚಿ ಒಂದನ್ನು ಸುಲಿದು ತಿನ್ನುತ್ತದೆ.

ಅವತ್ತು ಮಾರಮ್ಮ ಕೆಲಸಕ್ಕೆ ಅರ್ಧ ಗಂಟೆ ತಡ. ಮುಂದಿನ ಹತ್ತು ದಿನ ನರಸಿಂಹಯ್ಯ ದಿನಾ ಬೆಳಿಗ್ಗೆ ಬಂದು ಆ ಕುರ್ಚಿಯಲ್ಲಿ ಕೂತರು. ಸುಮಾ ಕೊಟ್ಟ ಕಾಫಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಹನ್ನೊಂದನೇ ದಿನ ಹಕ್ಕಿಯನ್ನು ಅವರ ಜೊತೆ ಕಳಿಸಲಾಯಿತು.

ನಾಲ್ಕನೇ ವಾರದ ಗುರುವಾರ ಬಂತು. ಯಶವಂತ್ ಮಾರಮ್ಮನನ್ನೂ ಕ್ಲಿನಿಕ್ಕಿಗೆ ಕರೆದ. ಬೈಗುಳ ಕಾದಿದೆ ಎಂದುಕೊಂಡೇ ಅವರು ಹೊರಟರು. ಓದಿದವರ ಕೆಲಸಕ್ಕೆ ಕೈಹಾಕಿದ್ದೀಯ ಎಂದರೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದರಂತೆ. ಹಕ್ಕಿ ಡಾಕ್ಟರು ಶಾಂತಲಾ, ಮೂವತ್ತರ ಆಸುಪಾಸಿನವರು, ಕಟ್ಟು ಬಿಚ್ಚಿ ಕೊಳವೆಯ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೈಯಲಿಲ್ಲ, ಹೊಗಳಲೂ ಇಲ್ಲ. ಒಂದು ಎಕ್ಸ್‌ರೇ ತೆಗೆದು ಪರದೆಯನ್ನು ಮಾರಮ್ಮನ ಕಡೆ ತಿರುಗಿಸಿದರು.

ಮಾರಮ್ಮ ಬಹಳ ಹೊತ್ತು ನೋಡಿದರು. ಕಪ್ಪಿನಲ್ಲಿ ಬೆಳ್ಳಗೆ, ಸೂಜಿಯಂಥ ಮೂಳೆ. ಮುರಿದಲ್ಲಿ ರಾಗಿಕಾಳಿನಷ್ಟು ಗಂಟು ಕಟ್ಟಿ ಗಟ್ಟಿಯಾಗಿ ಕೂಡಿತ್ತು. ಗಂಟಿನ ಕೆಳಗೆ ಮೂಳೆ ಎಳ್ಳಿನಷ್ಟು ಹೊರಕ್ಕೆ ಬಾಗಿತ್ತು. ಮಾರಮ್ಮ ಪರದೆಯ ಮೇಲೆ ಬೆರಳಿಟ್ಟು ಅದೇನೆಂದು ಕೇಳಿದರು. ಕಟ್ಟುವಾಗ ಹೆಬ್ಬೆರಳು ಇಲ್ಲಿ ಜಾಸ್ತಿ ಒತ್ತಿದೆ, ಇದರಿಂದ ಹಕ್ಕಿಗೇನೂ ತೊಂದರೆಯಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ ಎಂದರು ಡಾಕ್ಟರು.

“ನಂಗ್ ಗೊತ್ತಾಯ್ತಲ್ಲವ್ವ,” ಎಂದರು ಮಾರಮ್ಮ.

ಶಾಂತಲಾ ನಕ್ಕು, ಪೆನ್ನೊಂದನ್ನು ಹಿಡಿದು, ಮಂಡಿಯನ್ನು ಎಷ್ಟು ಮಡಿಸಿ ಕಟ್ಟಬೇಕು, ಬೆರಳು ಎಲ್ಲಿರಬೇಕು ಎಂದು ತೋರಿಸಿದರು. ಹೊರಡುವಾಗ ತಮ್ಮ ಫೋನ್ ನಂಬರನ್ನೂ ಎಕ್ಸ್‌ರೇಯ ಒಂದು ಪ್ರತಿಯನ್ನೂ ಕೊಟ್ಟರು.

ಆ ಹಾಳೆ ಈಗ ಮಾರಮ್ಮನ ಮನೆಯ ಕಿಟಕಿಯ ಸರಳಿಗೆ ಸಿಕ್ಕಿಸಿದೆ. ಬೆಳಗಿನ ಬೆಳಕು ಬೀಳುವಾಗ ಅದರ ಮುಂದೆ ನಿಂತು ಹೆಬ್ಬೆರಳನ್ನು ಹಿಂದೆ ಮುಂದೆ ಸರಿಸುತ್ತಾ ಲೆಕ್ಕ ಹಾಕುತ್ತಾರೆ. ಏನಾದರೂ ಬೇಕಿದೆಯೇ ಎಂದು ಕೇಳಿದರೆ ಮೊದಲು ಬೇಡವೆಂದು ತಲೆಯಾಡಿಸುತ್ತಾರೆ. ಆಮೇಲೆ ಹಾಳೆಯ ಕಡೆ ನೋಡುತ್ತಾ ಹೇಳುತ್ತಾರೆ:

“ಸಾವ್ರ ಕಾಲ್ ಕಟ್ಟಿರ್ಬೌದು. ಕಣ್ಣಾರೆ ಕಂಡಿದ್ದು ಇದೊಂದೇ. ಇನ್ನೊಂದ್ ಕಾಣ್ಬೇಕು. ಅದು ನೆಟ್ಟಗಿರ್ಬೇಕು.”